ಮಗಳಿಗೊಂದು ಪತ್ರ: ಆ ಕಂಪನಿ ಕಾರ್ಡ್ ಇಟ್ಕೊಳ್ಲಾ ಬೇಡ್ವಾ ಅಂದ್ಯಲ್ಲ

ಪುಟ್ಟಿ,

ಟೀಮ್ ಬದಲಾದ್ಮೇಲೆ ಟೂರೇ ಇಲ್ಲ, ಕಂಪನಿ ಕ್ರೆಡಿಟ್ ಕಾರ್ಡ್ ಸುಮ್ನೆ ಬಿದ್ದಿದೆ, ವಾಪಸ್ ಕೊಟ್ಬಿಡ್ಲಾ ಅಂತ ನೀನು ಕೇಳಿದ್ದೆ. ಫೋನಲ್ಲಿ ಹೇಳಿದ್ರೆ ಹ್ಞೂಂ ಹ್ಞೂಂ ಅಂದು ಮರೆತುಬಿಡ್ತೀಯ, ಅದಕ್ಕೇ ಬರೀತಿದೀನಿ.

ಮೊದ್ಲು ನೋಡ್ಬೇಕಾದ್ದು ಬಾಕಿ ಉಳಿದ್ರೆ ಬ್ಯಾಂಕಿನವ್ರು ಯಾರನ್ನ ಹಿಡ್ಕೋತಾರೆ ಅಂತ. ಕಾರ್ಡ್ ಮೇಲೆ ಕಂಪನಿ ಹೆಸರೂ ಇರುತ್ತೆ ನಿನ್ನ ಹೆಸರೂ ಇರುತ್ತೆ, ಅದರಿಂದ ಏನೂ ಗೊತ್ತಾಗಲ್ಲ. ನೀನು ಸೈನ್ ಹಾಕಿದ ಫಾರ್ಮಲ್ಲಿ ಲಯಬಿಲಿಟಿ, ಅಂದ್ರೆ ಬಾಕಿ ಕಟ್ಟೋ ಹೊಣೆ, ಯಾರದು ಅಂತ ಬರೆದಿರುತ್ತೆ, ಹುಡುಕು. ಕಾರ್ಪೊರೇಟ್ ಅಂತಿದ್ರೆ ಕಂಪನಿ ತಲೆನೋವು. ಇಂಡಿವಿಜುವಲ್ ಅಂತಿದ್ರೆ ಕಟ್ಟೋಳು ನೀನು, ಆಮೇಲೆ ಕ್ಲೈಮ್ ಹಾಕಿ ವಸೂಲಿ ಮಾಡ್ಕೋಬೇಕು, ಅಕೌಂಟ್ಸ್‌ನವ್ರು ತಡ ಮಾಡಿದ್ರೆ ಲೇಟ್ ಫೀ ಬರೋದೂ ನಿನಗೇ, ಸಾಲ ಸರಿಯಾಗಿ ತೀರಿಸ್ತೀಯಾ ಅಂತ ತೋರಿಸೋ ನಿನ್ನ ಕ್ರೆಡಿಟ್ ರಿಪೋರ್ಟಲ್ಲಿ ಕಪ್ಪು ಚುಕ್ಕೆ ಬೀಳೋದೂ ನಿನಗೇ. ಇಬ್ರೂ ಹೊಣೆ ಅನ್ನೋ ಜಾಯಿಂಟ್ ಥರದ್ದೂ ಇರುತ್ತೆ, ನಾನಂತೂ ಅದನ್ನ ಇಂಡಿವಿಜುವಲ್ ಅಂತಲೇ ಲೆಕ್ಕ ಹಿಡೀತೀನಿ, ಕಂಪನಿ ಕೈ ಎತ್ತಿದ್ರೆ ಉಳಿಯೋಳು ನೀನೇ ತಾನೆ.

ಹೊಣೆ ನಿನ್ನದಾಗಿದ್ರೆ ಯೋಚನೆನೇ ಬೇಡ, ಕೊಟ್ಬಿಡು. ಕಂಪನಿದಾದ್ರೆ ಮುಂದೆ ಟೂರ್ ಬರುತ್ತಾ ಅಂತ ಮ್ಯಾನೇಜರ್‌ನ ಕೇಳು, ಬರೋ ಹಾಗಿದ್ರೆ ಇರಲಿ ಬಿಡು, ಯಾಕಂದ್ರೆ ಹೋಟೆಲ್‌ನವ್ರು ಬಾಡಿಗೆ ಕಾರಿನವ್ರು ಡೆಪಾಸಿಟ್ ಅಂತ ಒಂದಷ್ಟು ಹಣ ಬ್ಲಾಕ್ ಮಾಡ್ತಾರೆ, ಅದಕ್ಕೆಲ್ಲ ನಿನ್ನ ಸ್ವಂತ ಕಾರ್ಡಿನ ಲಿಮಿಟ್ ಯಾಕೆ ಕಟ್ಟಿ ಹಾಕ್ಬೇಕು.

ಬಳಸದೇ ಇದ್ರೆ ಏನ್ ತೊಂದ್ರೆ ಅಂತೀಯ. ಬಳಸೋ ಕಾರ್ಡಿಗಿಂತ ಬಳಸದ ಕಾರ್ಡಿಗೇ ನಾನು ಹೆಚ್ಚು ಹೆದರೋದು ಕಣೇ. ಬಳಸ್ತಿದ್ರೆ ಸ್ಟೇಟ್‌ಮೆಂಟ್ ಮೇಲೆ ಕಣ್ಣಾದ್ರೂ ಬೀಳುತ್ತೆ, ಇದನ್ನ ತೆಗೆದು ನೋಡೋರೇ ಇಲ್ಲ. ಕಾರ್ಡ್ ಡ್ರಾಯರಲ್ಲೇ ಇದ್ರೂ ನೀನು ಟಿಕೆಟ್ ಬುಕ್ ಮಾಡಿದ ಸೈಟಲ್ಲಿ ಅದು ಸೇವ್ ಆಗಿ ಕೂತಿರಬಹುದು, ಯಾವುದೋ ಸಾಫ್ಟ್‌ವೇರ್ ಟ್ರಯಲ್ ಅಂತ ಹಾಕಿದ್ದು ವರ್ಷ ಆದ್ಮೇಲೆ ತಾನಾಗೇ ರಿನ್ಯೂ ಆಗ್ಬಹುದು. ನಾನು ಮಾಡಿದ್ದಲ್ಲ ಅಂತ ಕಂಪ್ಲೇಂಟ್ ಕೊಡೋಕೂ ಗಡುವಿರುತ್ತೆ, ನೋಡದೇ ಇದ್ರೆ ಅದೂ ಮುಗಿದು ಹೋಗಿರುತ್ತೆ. ಇದರ ಅವಧಿ ಮುಗಿದು ಹೊಸ ಕಾರ್ಡ್ ಬಂದ್ರೆ ನೀನು ಈಗಿಲ್ಲದ ಹಳೇ ಆಫೀಸ್ ಅಡ್ರೆಸ್ಸಿಗೆ ಹೋಗ್ಬಹುದು, ಯಾರ ಟೇಬಲ್ ಮೇಲಿರುತ್ತೋ ಏನೋ. ಹಾಗಾಗಿ ಇಟ್ಕೊಳ್ಳೋದಾದ್ರೆ ಆ್ಯಪಲ್ಲಿ ಲಾಕ್ ಹಾಕು, ಅಲರ್ಟ್ ಈಗಿರೋ ನಂಬರಿಗೆ ಬರೋ ಹಾಗೆ ಮಾಡು, ಅಡ್ರೆಸ್ ಸರಿ ಮಾಡಿಸು. ವರ್ಷದ ಫೀಸ್ ಯಾರ ಲೆಕ್ಕಕ್ಕೆ ಬೀಳುತ್ತೆ ಅಂತಾನೂ ಕೇಳ್ಕೋ.

ಕ್ಲೋಸ್ ಮಾಡಿದ್ರೆ ಕ್ರೆಡಿಟ್ ಸ್ಕೋರ್ ಬೀಳುತ್ತೆ ಅಂತ ಫ್ರೆಂಡ್ಸ್ ಹೆದರಿಸಿದ್ದು, ಹೊಣೆ ಕಂಪನಿದಾದ್ರೆ, ಬಿಡು. ಅಂಥ ಕಾರ್ಡ್ ಸಾಮಾನ್ಯವಾಗಿ ನಿನ್ನ ರಿಪೋರ್ಟಲ್ಲಿ ಕಾಣೋದೇ ಇಲ್ಲ.

ಕೊಡೋದೇ ಆದ್ರೆ ಕತ್ತರಿಲಿ ಕಟ್ ಮಾಡಿ ಆಯ್ತು ಅನ್ಕೋಬೇಡ, ಪ್ಲಾಸ್ಟಿಕ್ ಹೋದ್ರೂ ಅಕೌಂಟ್ ಹಾಗೇ ಇರುತ್ತೆ. ಕಾರ್ಡ್ ನೋಡ್ಕೊಳ್ಳೋ ಅಡ್ಮಿನ್‌ಗೆ ಮೇಲ್ ಹಾಕು, ಅದಕ್ಕೂ ಮೊದ್ಲು ಬಾಕಿ ಇರೋ ಎಕ್ಸ್‌ಪೆನ್ಸ್ ರಿಪೋರ್ಟ್ ಎಲ್ಲ ಸಬ್ಮಿಟ್ ಮಾಡು, ಆಟೋ ಪೇ ಇದ್ರೆ ತೆಗಿ, ಕ್ಯಾನ್ಸಲ್ ಆದ ಟಿಕೆಟ್ ದುಡ್ಡು ಬರೋದಿದ್ರೆ ಬರಲಿ. ಬಾಕಿ ಸೊನ್ನೆ, ಅಕೌಂಟ್ ಕ್ಲೋಸ್ ಅಂತ ಬರೆದ ಉತ್ತರ ಬಂದ್ರೆ ಪಿಡಿಎಫ್ ಮಾಡಿ ಪರ್ಸನಲ್ ಮೇಲಿಗೆ ಹಾಕ್ಕೋ, ಕೆಲಸ ಬಿಟ್ಮೇಲೆ ಆಫೀಸ್ ಮೇಲ್ ತೆರೆಯಲ್ಲ.

ಫಾರ್ಮ್ ಸಿಕ್ರೆ ನಂಗೆ ಕಳಿಸು, ಸಣ್ಣಕ್ಷರ ಎಲ್ಲ ನಾನ್ ಓದ್ತೀನಿ. ನಿಮ್ಮಪ್ಪಂಗೆ ಕಳಿಸ್ಬೇಡ, ಅವ್ರು ಮೊದಲ ಪುಟಕ್ಕೇ ಓಕೆ ಅಂದ್ಬಿಡ್ತಾರೆ.

ಅಮ್ಮ