ಕ್ವೇಸಾರ್ ದೂರ: ಯಾವ ಲೆಕ್ಕ ಎಂದೂ ಬರೆಯಿರಿ

ಮಾನ್ಯ ಸಂಪಾದಕರೇ,

ಅತಿ ದೂರದ ಕ್ವೇಸಾರ್ (ದೈತ್ಯ ಕಪ್ಪುಕುಳಿಯಿಂದಾಗಿ ಬಹು ಪ್ರಖರವಾಗಿ ಬೆಳಗುವ ಗ್ಯಾಲಕ್ಸಿಯ ನಡುಭಾಗ) ಕುರಿತ ಸುದ್ದಿಗಳಲ್ಲಿ ಒಮ್ಮೆ 1,300 ಕೋಟಿ ಜ್ಯೋತಿರ್ವರ್ಷ ಎಂದಿರುತ್ತದೆ, ಇನ್ನೊಮ್ಮೆ 2,900 ಕೋಟಿ. ಓದುವ ಮಕ್ಕಳು ಯಾವುದನ್ನು ನಂಬಬೇಕು? ಎರಡೂ ಸರಿಯೇ. ಯಾವುದು ಯಾವ ಲೆಕ್ಕ ಎಂದು ಹೇಳದೇ ಇರುವುದು ತಪ್ಪು.

2021ರಲ್ಲಿ ಪ್ರಕಟವಾದ ಜೆ0313-1806 ಎಂಬ ಕ್ವೇಸಾರನ್ನೇ ತೆಗೆದುಕೊಳ್ಳಿ. ಅದರ ಬೆಳಕು ಹೊರಟಾಗ ವಿಶ್ವಕ್ಕೆ ಸುಮಾರು 67 ಕೋಟಿ ವರ್ಷ. ಈಗ ಸುಮಾರು 1,380 ಕೋಟಿ. ಕಳೆದರೆ, ಬೆಳಕು ದಾರಿ ಸವೆಸಿದ್ದು 1,310 ಕೋಟಿ ವರ್ಷ. ಅಷ್ಟು ಕಾಲವೂ ನಡುವಿನ ಜಾಗ ಹಿಗ್ಗುತ್ತಲೇ ಇದ್ದುದರಿಂದ ಅದು ಇವತ್ತು ಸುಮಾರು 2,900 ಕೋಟಿ ಜ್ಯೋತಿರ್ವರ್ಷ ಆಚೆ ಇದೆ. ನಿಜವಾಗಿ ಅಳೆದದ್ದು ಇವೆರಡನ್ನೂ ಅಲ್ಲ, ಕೆಂಪು ಪಲ್ಲಟವನ್ನು, ಅಂದರೆ ಬೆಳಕಿನ ಅಲೆಯ ಉದ್ದ ಎಷ್ಟು ಪಾಲು ಹಿಗ್ಗಿದೆ ಎಂಬುದನ್ನು: 7.64. ಉಳಿದದ್ದೆಲ್ಲ ಅದರಿಂದ ಕಟ್ಟಿದ ಲೆಕ್ಕ. ದಯವಿಟ್ಟು ಆ ಅಂಕಿಯನ್ನು ಬಿಡಬೇಡಿ.

ಅದನ್ನು ಅಳೆಯುವ ಬಗೆ ಹೈಸ್ಕೂಲ್ ಗಣಿತಕ್ಕೆ ನಿಲುಕುತ್ತದೆ. 1962ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕವು, ಚಂದ್ರ ಅಡ್ಡ ಬಂದ ಹೊತ್ತು ನೋಡಿ, 3ಸಿ 273 ಎಂಬ ಕ್ವೇಸಾರಿನ ಜಾಗವನ್ನು ಖಚಿತಗೊಳಿಸಿತು. ಅದರ ರೋಹಿತದ (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ) ಗೆರೆಗಳು ಯಾವ ಧಾತುವಿಗೂ ಹೊಂದುತ್ತಿರಲಿಲ್ಲ. 1963ರಲ್ಲಿ ಖಗೋಳ ವಿಜ್ಞಾನಿ ಮಾರ್ಟೆನ್ ಶ್ಮಿಟ್ ಅವು ಹೈಡ್ರೋಜನ್ನಿನವೇ, ಜಾಗ ಮಾತ್ರ ಸರಿದಿದೆ ಎಂದು ಕಂಡುಕೊಂಡರು. 486 ನ್ಯಾನೋಮೀಟರಿನಲ್ಲಿ ಇರಬೇಕಾದ ಗೆರೆ 563ರಲ್ಲಿತ್ತು. ವ್ಯತ್ಯಾಸ 77ನ್ನು 486ರಿಂದ ಭಾಗಿಸಿ: 0.158. ಇದೇ ಅದರ ಕೆಂಪು ಪಲ್ಲಟ. ಅಂದರೆ ಆ ಬೆಳಕು ಹೊರಟು ಸುಮಾರು 200 ಕೋಟಿ ವರ್ಷ.

ಸಂಖ್ಯೆಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಸ್ಲೋನ್ ಆಕಾಶ ಸಮೀಕ್ಷೆಯ 2020ರ ಪಟ್ಟಿಯಲ್ಲಿ ರೋಹಿತ ನೋಡಿ ಗುರುತಿಸಿದ 7,50,414 ಕ್ವೇಸಾರ್‌ಗಳಿವೆ. ನಕ್ಷತ್ರಗಳ ಸ್ಥಾನ ಅಳೆದ ಗಯಾ ಉಪಗ್ರಹದ ಮಾಹಿತಿಯಿಂದ ಆರಿಸಿದ 13 ಲಕ್ಷದ ಪಟ್ಟಿ ಬೇರೆ. ಅವು ಕ್ವೇಸಾರ್ ಇರಬಹುದಾದ ಚುಕ್ಕಿಗಳು. ರೋಹಿತ ನೋಡದೆ ಒಂದೊಂದನ್ನೂ ಖಚಿತ ಎನ್ನಲಾಗದು. 'ಪತ್ತೆಯಾದವು 13 ಲಕ್ಷ' ಎಂದು ಬರೆಯಬೇಡಿ.

3ಸಿ 273 ನಮ್ಮ ಜಿಲ್ಲೆಯಿಂದ ಎಂಟು ಇಂಚಿನ ದೂರದರ್ಶಕಕ್ಕೆ ಸಿಗುತ್ತದೆ. ಕಾಂತಿಮಾನ 12.9 (ಈ ಅಂಕಿ ಹೆಚ್ಚಿದಷ್ಟೂ ಚುಕ್ಕಿ ಮಂಕು). ಮಾರ್ಚ್‌ನಲ್ಲೇ ಅದರ ನಕ್ಷೆಯೊಂದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿದರೆ ಶಾಲೆಗಳಿಗೆ ಉಪಕಾರವಾದೀತು. ಏಪ್ರಿಲ್ ನಡುವಿನಲ್ಲಿ ರಾತ್ರಿ ಹನ್ನೊಂದೂವರೆಗೆ ಅದು ನೆತ್ತಿಯ ಹತ್ತಿರವಿರುತ್ತದೆ. ಕನ್ಯಾ ರಾಶಿಯ ಈಟಾ ನಕ್ಷತ್ರದಿಂದ ಈಶಾನ್ಯಕ್ಕೆ ಸುಮಾರು ಮೂರೂವರೆ ಡಿಗ್ರಿ. ನೋಡಲು ಥೇಟ್ ನಕ್ಷತ್ರವೇ ಆದ್ದರಿಂದ ನಕ್ಷೆಯಿಲ್ಲದೆ ಹೊರಟವರು ಪಕ್ಕದ ಚುಕ್ಕಿಯನ್ನು ನೋಡಿ ಮರಳುತ್ತಾರೆ. ಸುಮಾರು 150 ಪಟ್ಟು ಹಿಗ್ಗಿಸಿ, ಹಿನ್ನೆಲೆ ಕಪ್ಪಾಗುತ್ತದೆ. ನೇರ ದಿಟ್ಟಿಸದೆ ಓರೆಗಣ್ಣಿನಲ್ಲಿ ನೋಡಿ. ಕಾರವಾರ, ಅಂಕೋಲಾದ ಕಡಲಂಚಿಗಿಂತ ಘಟ್ಟದ ಮೇಲಿನ ಬಯಲು ಮೇಲು. ಕರಾವಳಿಯ ತೇವಕ್ಕೆ ಕನ್ನಡಿ, ಐಪೀಸ್ ಬೇಗ ಮಂಜುಗಟ್ಟುತ್ತವೆ. ಬಟ್ಟೆಯಿಂದ ಒರೆಸಿದರೆ ಉಪ್ಪಿನ ಕಣ ಗೀರು ಹಾಕುತ್ತದೆ. ಕೊಳವೆಯ ಬಾಯಿಗೆ ಒಂದು ಮೊಳದ ರಟ್ಟಿನ ಸುರುಳಿ ಸಿಕ್ಕಿಸಿ, ಮಂಜು ಹಿಡಿದರೆ ಹೇರ್ ಡ್ರೈಯರ್‌ನ ಹದವಾದ ಬಿಸಿ ಹಾಯಿಸಿ.

– ಆಕಾಶ ವೀಕ್ಷಕರು, ಶಿರಸಿ