ಕಾಪುವಿನ ಮಾಡು

ಡೆಲ್ಫ್ಟ್, ನೆದರ್ಲೆಂಡ್ಸ್
ಅಕ್ಟೋಬರ್ 12

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ. ಕುಚ್ಚಲಕ್ಕಿ ಇನ್ನೂ ಅರ್ಧ ಚೀಲ ಉಂಟು. ಮಿಡಿ ಉಪ್ಪಿನಕಾಯಿ ಮಾತ್ರ ಮುಗಿಯಿತು. ಪಕ್ಕದ ರೂಮಿನವನಿಗೆ ಒಮ್ಮೆ ರುಚಿ ತೋರಿಸಿದ್ದು ನನ್ನ ತಪ್ಪು.

ಪುಟ್ಟಿಯೂ ಹೊರದೇಶಕ್ಕೆ ಅರ್ಜಿ ಹಾಕುತ್ತಾಳಂತೆ. ಫೋನಿನಲ್ಲಿ ಹೇಳಿದರೆ ತಲೆಯಲ್ಲಿ ನಿಲ್ಲುವುದಿಲ್ಲ, ಬರೆದು ಕಳಿಸು ಎಂದಿರಿ ಅಪ್ಪ. ಅದಕ್ಕೇ ಈ ಪತ್ರ. ಅವಳಿಗೆ ಕೊಡುವ ಮೊದಲು ನೀವಿಬ್ಬರೂ ಓದಿ. ಎರಡೂವರೆ ವರ್ಷದಿಂದ ನಿಮಗೆ ಹೇಳದ ಒಂದು ವಿಷಯ ಇದರಲ್ಲಿ ಉಂಟು.

ಮೊದಲು ನಿಮ್ಮ ಪ್ರಶ್ನೆ. ಐದು ವರ್ಷ ಬಿ.ಆರ್ಕ್ ಎಂಬ ಕಟ್ಟಡ ವಿನ್ಯಾಸದ ಪದವಿ ಓದಿ ಆಯಿತಲ್ಲ, ಮತ್ತೆ ಯಾಕೆ ಓದು ಎಂದು ನನಗೂ ಕೇಳಿದ್ದಿರಿ, ಈಗ ಅವಳಿಗೂ ಕೇಳಿದಿರಂತೆ. ಸರಿಯಾದ ಪ್ರಶ್ನೆಯೇ. ನಮ್ಮ ದೇಶದಲ್ಲಿ ಕೆಲಸ ಮಾಡಲು ಇದು ಬೇಕಾಗಿಲ್ಲ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ, ಮಾನ್ಯತೆ ಇರುವ ಬಿ.ಆರ್ಕ್ ಮುಗಿಸಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿದರೆ ಆಯಿತು, ಬೋರ್ಡ್ ಹಾಕಿ ಕೂರಬಹುದು. ಮಾಸ್ಟರ್ಸ್ ಮಾಡಿದರೆ ಉಡುಪಿಯಲ್ಲಿ ಯಾರೂ ಫೀಸು ಜಾಸ್ತಿ ಕೊಡುವುದಿಲ್ಲ. ಅವಳಿಗೆ ಇನ್ನೂ ಕಲಿಯುವ ಹಸಿವು ಇದ್ದರೆ ಬರಲಿ. ಗೆಳತಿಯರೆಲ್ಲ ಹೊರಟರು ಎಂದು ಹೊರಡುವುದಾದರೆ ಬೇಡ. ನನ್ನ ಓದಿನ ಸಾಲಕ್ಕೆ ಮನೆಯ ಪತ್ರ ಒಮ್ಮೆ ಬ್ಯಾಂಕಿಗೆ ಅಡವು ಹೋಗಿದೆ, ಅದು ಸಾಕು.

ಈಗ ಆ ವಿಷಯ.

ಮೊದಲ ವರ್ಷ ನನಗೆ ಯಾಕೆ ಸೀಟು ಸಿಗಲಿಲ್ಲ ಎಂದು ಕೇಳಿದಾಗ, ಅರ್ಜಿಯ ಕಡೆಯ ದಿನ ತಪ್ಪಿಹೋಯಿತು ಎಂದಿದ್ದೆ. ತಪ್ಪಿರಲಿಲ್ಲ. ಐದು ಕಡೆ ಅರ್ಜಿ ಹಾಕಿದ್ದೆ, ಐದೂ ಕಡೆಯಿಂದ ಆಗುವುದಿಲ್ಲ ಎಂದು ಉತ್ತರ ಬಂತು. ಕಡೆಯದ್ದು ಬಂದ ದಿನ ನಾನು ಮಂಗಳೂರಿನಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುತ್ತಿದ್ದೆ. ಮೂಲ್ಕಿ ಸೇತುವೆಯ ಹತ್ತಿರ ಮೊಬೈಲ್ ತೆಗೆದು ಓದಿದೆ. ಮನೆಗೆ ಬಂದಾಗ ಅಮ್ಮ ನೀರುದೋಸೆ ಮಾಡಿದ್ದಳು. ಹೇಳಲು ಬಾಯಿ ಬರಲಿಲ್ಲ. ನೀವು ಎಫ್‌ಡಿ ಮುರಿದು ಕೊಟ್ಟ 60,000 ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ, ಅರ್ಜಿ ಫೀಸಿಗೆ, ಕೊರಿಯರಿಗೆ ಮುಗಿದಿತ್ತು. ದಿನ ತಪ್ಪಿತು ಎಂದರೆ ಬರೀ ಅಜಾಗರೂಕತೆ. ಬೇಡ ಎಂದರು ಎಂದರೆ ಬೇರೆಯೇ ಮಾತು. ಸುಲಭವಾದದ್ದನ್ನು ಹೇಳಿಬಿಟ್ಟೆ. ಬೈಯುವುದಿದ್ದರೆ ಭಾನುವಾರ ಫೋನಿನಲ್ಲಿ ಬೈಯಿರಿ.

ಯಾಕೆ ಬೇಡ ಎಂದರು ಎಂದು ಅವರು ಬರೆಯುವುದಿಲ್ಲ. ಆದರೆ ಅರ್ಜಿಯ ಜೊತೆ ಕಳಿಸಿದ ಪೋರ್ಟ್‌ಫೋಲಿಯೋ, ಅಂದರೆ ನನ್ನ ಕೆಲಸಗಳ ನಕ್ಷೆ, ಚಿತ್ರಗಳ ಪುಸ್ತಕ, ಈಗ ತೆರೆದರೆ ನನಗೇ ನಾಚಿಕೆ ಆಗುತ್ತದೆ. 62 ಪುಟ. ಸಂಜೆ ಬೆಳಕಿನಲ್ಲಿ ಹೊಳೆಯುವ ಗಾಜಿನ ಕಟ್ಟಡ, ಮುಂದೆ ಬಲೂನು ಹಿಡಿದ ಬಿಳಿ ಮಗು. ಮಳೆಯೇ ಇಲ್ಲದ ಮಲ್ಪೆ. ಆ ಚಿತ್ರಗಳಲ್ಲಿ ಒಂದೂ ಕೊಡೆ ಇರಲಿಲ್ಲ ಎಂದರೆ ನಂಬುತ್ತೀರಾ?

ಅದೇ ಬೇಸಿಗೆಯಲ್ಲಿ ಕಾಪುವಿನಲ್ಲಿ ಮಾವನ ಮನೆಯ ಹಿಂದೆ ಒಂದು ಕೋಣೆ, ಜಗಲಿ ಸೇರಿಸಿದ್ದು ನೆನಪುಂಟಲ್ಲ. ನಕ್ಷೆ ನನ್ನದು. ಹಂಚಿನ ಮಾಡಿನ ಇಳಿಜಾರು ಕಡಿಮೆ ಮಾಡಿದ್ದೆ, ನೋಡಲು ಹೊಸ ರೀತಿ ಕಾಣಲಿ ಎಂದು. ಮೇಸ್ತ್ರಿ ಮಾಡಿನ ಮರದ ಪಕ್ಕಾಸು ಕೂರಿಸುವಾಗಲೇ ಹೇಳಿದ್ದರು, ಇದು ನಿಲ್ಲುವುದಿಲ್ಲ ಎಂದು. ನಾನು ಕಂಪ್ಯೂಟರ್ ತೋರಿಸಿದೆ. ಅವರು ಬೀಡಿ ಹೊತ್ತಿಸಿ ಆಚೆ ಹೋದರು. ಜೂನ್ ಎರಡನೇ ವಾರ ಗಾಳಿಮಳೆ ಹಿಡಿಯಿತು. ಸಮುದ್ರದ ಗಾಳಿ ನೀರನ್ನು ಹಂಚಿನ ಅಡಿಯಿಂದ ಮೇಲಕ್ಕೆ ತಳ್ಳುತ್ತದೆ. ಇಳಿಜಾರು ಸಾಕಷ್ಟಿದ್ದರೆ ನೀರು ವಾಪಸ್ ಇಳಿದುಹೋಗುತ್ತದೆ, ಇಲ್ಲದಿದ್ದರೆ ಒಳಗೆ ಬೀಳುತ್ತದೆ. ಅದರ ಮೇಲೆ ಹಳೆ ಮಾಡು, ಹೊಸ ಮಾಡು ಸೇರುವ ಮೂಲೆಯಲ್ಲಿ ಹಾಕಿಸಿದ ತಗಡು ಕಿರಿದು. ಎರಡೂ ಕಡೆಯ ನೀರು ಅಲ್ಲೇ ಬರುತ್ತದೆ ಎಂಬ ಲೆಕ್ಕವನ್ನೇ ನಾನು ಮಾಡಿರಲಿಲ್ಲ. ಮಾವ ನಾಲ್ಕು ತಿಂಗಳು ಬಾಲ್ದಿ ಇಟ್ಟುಕೊಂಡು ಮಲಗಿದರು. ಒಂದು ಮಾತು ಆಡಲಿಲ್ಲ, ಅದೇ ಜಾಸ್ತಿ ನೋವು.

ಅಕ್ಟೋಬರಿನಲ್ಲಿ ಹಂಚು ಇಳಿಸಿ, ಮಾಡು ಎತ್ತರಿಸಿ ಸರಿ ಮಾಡಿದೆವು. ಆ ಸಲ ನಾನು ಮೇಸ್ತ್ರಿ ಹೇಳಿದ ಹಾಗೆ ಬರೆದುಕೊಂಡೆ. ಹಂಚು ಕೂರುವ ರೀಪಿನಿಂದ ರೀಪಿಗೆ ಎಷ್ಟು ಅಂತರ, ಹಂಚು ಹಂಚಿನ ಮೇಲೆ ಎಲ್ಲಿ ಕಚ್ಚಿಕೊಳ್ಳುತ್ತದೆ, ನೀರು ಯಾವ ಚಡಿಯಲ್ಲಿ ಇಳಿಯುತ್ತದೆ, ಎಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಆದರೆ ಒಂದು ಹಂಚನ್ನು ಕೈಯಲ್ಲಿ ತಿರುಗಿಸಿ ನೋಡಿದ್ದು ಆ ದಿನವೇ.

ಮರುವರ್ಷ ಮತ್ತೆ ಅರ್ಜಿ ಹಾಕಲು ಮಾಡಿದ ಪೋರ್ಟ್‌ಫೋಲಿಯೋದಲ್ಲಿ ನಾಲ್ಕು ಪುಟ ಆ ಮೂಲೆಯದ್ದೇ. ಮೊದಲು ನಾನು ಬರೆದ ತಪ್ಪು ನಕ್ಷೆ, ಆಮೇಲೆ ಬಾಲ್ದಿಯ ಫೋಟೋ, ಆಮೇಲೆ ಸರಿಮಾಡಿದ್ದು. ಅದರಿಂದಲೇ ಸೀಟು ಸಿಕ್ಕಿತು ಎನ್ನಲಾರೆ, ಬೇರೆ ಪುಟಗಳೂ ಬದಲಾಗಿದ್ದವು. ಆದರೆ ಇಲ್ಲಿ ಮೊದಲ ವಾರ, ನಿಮ್ಮ ಕೆಲಸದಲ್ಲಿ ಒಂದನ್ನು ತೋರಿಸಿ ಎಂದಾಗ ನಾನು ಅದನ್ನೇ ಗೋಡೆಗೆ ಅಂಟಿಸಿದೆ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಎಂದರೆ ಯಾರೂ ನಂಬಲಿಲ್ಲ. ಸೊನ್ನೆ ಒಂದು ಜಾಸ್ತಿ ಬಿದ್ದಿದೆ ಎಂದರು. ಇವರಿಗೆ ವರ್ಷವಿಡೀ ಬರುವುದು ಸುಮಾರು 850. ನಮಗದು ಜುಲೈಯ ಮೂರು ವಾರ ಅಲ್ವಾ?

ಇನ್ನು ಪುಟ್ಟಿ, ನಿನಗೆ.

ಈಗ ಅಕ್ಟೋಬರ್. ಅಮೆರಿಕದ ಹೆಚ್ಚಿನ ಕಡೆ ಡಿಸೆಂಬರ್, ಜನವರಿಯಲ್ಲಿ ಬಾಗಿಲು ಹಾಕುತ್ತಾರೆ. ಇಲ್ಲಿಗೆ ನಾನು ಹಾಕಿದ್ದು ಜನವರಿ 15ರೊಳಗೆ, ಫೀಸು 100 ಯೂರೋ, ಸೀಟು ಸಿಗದಿದ್ದರೂ ವಾಪಸಿಲ್ಲ. ಹಾಗಾಗಿ ಹತ್ತು ಕಡೆ ಹಾಕಬೇಡ. ನಾಲ್ಕು ಸಾಕು.

ಅಮೆರಿಕದಲ್ಲಿ ಎಂ.ಆರ್ಕ್, ಅಂದರೆ ಇದೇ ವಿಷಯದ ಮಾಸ್ಟರ್ಸ್, ಎಂದರೆ ಎರಡು ಬೇರೆ ದಾರಿ. ಬೇರೆ ಏನೋ ಪದವಿ ಓದಿ ಬಂದವರಿಗೆ ಮೂರು, ಮೂರೂವರೆ ವರ್ಷದ್ದು. ನಿನ್ನ ಹಾಗೆ ಐದು ವರ್ಷದ ಬಿ.ಆರ್ಕ್ ಇದ್ದವರಿಗೆ ಒಂದೂವರೆ, ಎರಡು ವರ್ಷದ್ದು. ಈ ಎರಡನೆಯದಕ್ಕೆ ಸಾಮಾನ್ಯವಾಗಿ ಅಲ್ಲಿ ಆರ್ಕಿಟೆಕ್ಚರ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಎನ್‌ಎಎಬಿ ಎಂಬ ಮಂಡಳಿಯ ಮಾನ್ಯತೆ ಇರುವುದಿಲ್ಲ. ಅಲ್ಲೇ ಲೈಸೆನ್ಸ್ ಪಡೆಯುವ ಯೋಚನೆ ಇದ್ದರೆ ಇದನ್ನು ಮೊದಲೇ ತಿಳಿದುಕೋ. ನನಗೆ ಯಾರೂ ಹೇಳಿರಲಿಲ್ಲ. ಕೋರ್ಸು ಸ್ಟೆಮ್ ಪಟ್ಟಿಯಲ್ಲಿ, ಅಂದರೆ ಅಲ್ಲಿನ ಸರಕಾರದ ವಿಜ್ಞಾನ, ತಂತ್ರಜ್ಞಾನ ಕೋರ್ಸುಗಳ ಪಟ್ಟಿಯಲ್ಲಿ, ಇದೆಯೋ ಇಲ್ಲವೋ ಎಂದೂ ನೋಡು. ಓದಿದ ಮೇಲೆ ಅಲ್ಲಿ ಕೆಲಸ ಮಾಡುವ ಅವಕಾಶ ಒಂದು ವರ್ಷವೋ ಮೂರು ವರ್ಷವೋ ಎನ್ನುವುದು ಅದರ ಮೇಲಿದೆ.

ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ, ಅಪ್ಪನಿಗೆ ಇದು ಇಷ್ಟವಾಗಬಹುದು. ಆದರೆ ನಮ್ಮವರು ಓದಿನ ದಾಖಲೆಗಳು ಅಸಲಿ ಎಂದು ತೋರಿಸುವ ಎಪಿಎಸ್ ಎಂಬ ಸರ್ಟಿಫಿಕೇಟ್ ಮೊದಲು ಮಾಡಿಸಬೇಕು, ಅದಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ಜೊತೆಗೆ ವೀಸಾಕ್ಕೆ ಒಂದು ವರ್ಷದ ಖರ್ಚು ಬ್ಲಾಕ್ ಮಾಡಿದ ಖಾತೆಯಲ್ಲಿ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ. ಇಲ್ಲಿ ನಮ್ಮಂಥವರಿಗೆ ಫೀಸೇ ವರ್ಷಕ್ಕೆ 20,000 ಯೂರೋ ದಾಟುತ್ತದೆ, ಬೇಸಿಗೆಯ ತಿಂಗಳು ಬಿಟ್ಟರೆ ವಾರಕ್ಕೆ 16 ಗಂಟೆಗಿಂತ ಜಾಸ್ತಿ ದುಡಿಯುವ ಹಾಗಿಲ್ಲ. ಪಾತ್ರೆ ತೊಳೆದು ಫೀಸು ಕಟ್ಟುತ್ತೇನೆ ಎನ್ನುವ ಕನಸು ಬೇಡ. ಜೆ.ಎನ್. ಟಾಟಾ ಎಂಡೋಮೆಂಟ್‌ನ ಸಾಲ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕು. 1892ರಿಂದ ಕೊಡುತ್ತಿದ್ದಾರೆ.

ಶಿಫಾರಸು ಪತ್ರಕ್ಕೆ ಇಂದೇ ಹೋಗಿ ಕೇಳು. ನನಗೆ ಒಬ್ಬ ಮೇಷ್ಟ್ರು, ನೀನೇ ಬರೆದು ತಾ, ನಾನು ಸಹಿ ಹಾಕುತ್ತೇನೆ ಎಂದರು. ನನ್ನನ್ನು ನಾನೇ ಹೊಗಳಿ ಬರೆದ ಆ ಪತ್ರ ಓದಿದವರು ನಕ್ಕಿರಬೇಕು. ನಿನ್ನ ತಪ್ಪುಗಳನ್ನೂ ಕಂಡವರನ್ನು ಕೇಳು, ಅವರು ಒಂದು ಪ್ರಸಂಗ ಇಟ್ಟು ಬರೆಯುತ್ತಾರೆ. ಪತ್ರ ಹಾಕಲು ವಿಶ್ವವಿದ್ಯಾಲಯ ಕಳಿಸುವ ಲಿಂಕ್ ಅವರ ಇಮೇಲಿನ ಸ್ಪ್ಯಾಮಿಗೆ ಹೋಗುತ್ತದೆ, ನೆನಪಿಸುತ್ತಾ ಇರು. ಅಂಕಪಟ್ಟಿಗಳ ಟ್ರಾನ್ಸ್‌ಕ್ರಿಪ್ಟ್ ನನಗೆ ಕೈ ಸೇರಲು ಆರು ವಾರ, ಮೂರು ಬಸ್ ಪ್ರಯಾಣ ಬೇಕಾಯಿತು. ಎರಡು ಪ್ರತಿ ಜಾಸ್ತಿ ಮಾಡಿಸು.

ಯಾಕೆ ಓದಬೇಕು ಎಂದು ಅರ್ಜಿಯಲ್ಲಿ ಬರೆಯುವ ಉದ್ದೇಶ ಪತ್ರವನ್ನು “ಚಿಕ್ಕಂದಿನಿಂದ ನನಗೆ ಕಟ್ಟಡ ಎಂದರೆ ಇಷ್ಟ” ಎಂದು ಶುರು ಮಾಡಬೇಡ. ನಾನು ಹಾಗೇ ಶುರು ಮಾಡಿದ್ದೆ. ನೀನು ಗಂಗೊಳ್ಳಿಯ ಮೀನು ಒಣಗಿಸುವ ಹೆಂಗಸರ ಜೊತೆ ಕೂತು ಅಳತೆ ತೆಗೆದದ್ದು ಎಲ್ಲಿ ಇಟ್ಟಿದ್ದೀಯ? ಅದರಲ್ಲಿ ನೀನು ನೆರಳು ಗಂಟೆ ಗಂಟೆಗೆ ಎಲ್ಲಿ ಹೋಗುತ್ತದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದ್ದೆ. ಹಾಳೆಯಲ್ಲಿ ಮೀನಿನ ಕಲೆ ಇದ್ದರೂ ಇರಲಿ, ಹಾಗೇ ಸ್ಕ್ಯಾನ್ ಮಾಡು.

ಅಮ್ಮ, ನಿನಗೊಂದು ಕತೆ. ನಮ್ಮ ವಿಭಾಗದ ಹಿಂದಿನ ಕಟ್ಟಡ 2008ರ ಮೇ 13ರಂದು ಬೆಂಕಿಗೆ ಹೋಯಿತು. ಕಾರಣ ಒಂದು ಕಾಫಿ ಯಂತ್ರ! ನೀರು ಸೋರಿ ಶಾರ್ಟ್ ಸರ್ಕ್ಯೂಟ್ ಆಯಿತಂತೆ. ಯಾರಿಗೂ ಪ್ರಾಣಹಾನಿ ಆಗಲಿಲ್ಲ. ಈಗ ನಾವು ಕೂರುವುದು ವಿಶ್ವವಿದ್ಯಾಲಯದ ಹಳೆ ಇಟ್ಟಿಗೆ ಕಟ್ಟಡವೊಂದರಲ್ಲಿ. ಅದರೊಳಗೆ ಕಿತ್ತಳೆ ಬಣ್ಣದ ದೊಡ್ಡ ಮೆಟ್ಟಿಲು ಉಂಟು, ಅಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ. ನಾನು ಕಾಫಿ ಮನೆಯಿಂದಲೇ ಫ್ಲಾಸ್ಕಿನಲ್ಲಿ ತರುತ್ತೇನೆ, ಚಿಂತೆ ಬೇಡ.

ಅಪ್ಪ, ಕಪಾಟಿನ ಮೇಲಿನ ಹಲಗೆಯಲ್ಲಿ ಹಸಿರು ಫೈಲಿನಲ್ಲಿ ನನ್ನ ಹಳೆಯ 62 ಪುಟದ ಪೋರ್ಟ್‌ಫೋಲಿಯೋ ಉಂಟು. ಅದನ್ನು ಪುಟ್ಟಿಗೆ ಕೊಡಿ. ನೋಡಲಿ, ನಗಲಿ.

ಇನ್ನೊಂದು. ಈ ಮಳೆಗಾಲದಲ್ಲಿ ಮಾವನ ಮನೆಯ ಆ ಮೂಲೆ ಸೋರಿತಾ? ನಾನು ಕೇಳಿದರೆ ಇಲ್ಲ ಎಂದೇ ಹೇಳುತ್ತಾರೆ. ನೀವು ಕಾಪುವಿಗೆ ಹೋದಾಗ ಸುಮ್ನೆ ಆ ಕೋಣೆಯಲ್ಲಿ ನಿಂತು ಮೇಲೆ ನೋಡಿ, ಬಾಲ್ದಿ ಎಲ್ಲಾದರೂ ಇದೆಯಾ ಎಂದು. ನೋಡಿ ಬರೆಯಿರಿ.

ನಿಮ್ಮ ಮಗ