ರಿಕೋ ಅವರನ್ನೂ ಕರೆದರು

1979ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿ ನಗರದ ‘ದಿ ಸ್ಪೆಷಲ್ಸ್’ ತಂಡ ‘ಎ ಮೆಸೇಜ್ ಟು ಯೂ, ರೂಡಿ’ ಹಾಡಿತು. ಹಾಡು ಅವರದಲ್ಲ. ಜಮೈಕಾದಿಂದ ಇಂಗ್ಲೆಂಡಿಗೆ ಬಂದು ನೆಲೆಸಿದ್ದ ಡ್ಯಾಂಡಿ ಲಿವಿಂಗ್‌ಸ್ಟನ್ 1967ರಲ್ಲಿ ಬರೆದು ಹಾಡಿದ್ದು. ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ಬೀದಿಗಳಲ್ಲಿ ಕೆಲಸವಿಲ್ಲದೆ ಪುಂಡಾಟಕ್ಕಿಳಿದ ಹುಡುಗರಿಗೆ ಹೇಳುವ ಬುದ್ಧಿಮಾತು ಅದು.

ಮೂಲ ಹಾಡಿಗೆ ಟ್ರೊಂಬೋನ್ ಎಂಬ ಊದುವಾದ್ಯ ನುಡಿಸಿದವರು ರಿಕೋ ರೊಡ್ರಿಗಸ್. ಕ್ಯೂಬಾದಲ್ಲಿ ಹುಟ್ಟಿ, ಕಿಂಗ್‌ಸ್ಟನ್ನಿನಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಆಲ್ಫಾ ಶಾಲೆಯಲ್ಲಿ ವಾದ್ಯ ಕಲಿತು, 1961ರಲ್ಲಿ ಇಂಗ್ಲೆಂಡಿಗೆ ಬಂದವರು. ಸ್ಪೆಷಲ್ಸ್‌ನ ಹುಡುಗರು ಅವರ ನುಡಿಸಾಣಿಕೆಯನ್ನು ಅನುಕರಿಸಿ ಸುಮ್ಮನಾಗಬಹುದಿತ್ತು. ಹಾಗೆ ಮಾಡದೆ ಅವರನ್ನೇ ಕರೆದರು. ಹನ್ನೆರಡು ವರ್ಷಗಳ ನಂತರ ಅದೇ ಹಾಡಿಗೆ ಅದೇ ಕಲಾವಿದ ಉಸಿರು ತುಂಬಿದರು, ರೆಕಾರ್ಡಿನ ಲೇಬಲ್ಲಿನ ಮೇಲೆ ತಂಡದ ಹೆಸರಿನ ಜೊತೆಗೆ ರಿಕೋ ಹೆಸರೂ ಅಚ್ಚಾಯಿತು. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಹಾಡು ಹತ್ತನೆಯ ಸ್ಥಾನಕ್ಕೇರಿತು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಆಹ್ವಾನ.

ಸ್ಪೆಷಲ್ಸ್ ನುಡಿಸುತ್ತಿದ್ದ, ಜಮೈಕಾ ಮೂಲದ ಸ್ಕಾ ಸಂಗೀತದಲ್ಲಿ ಗಿಟಾರಿನ ಮೀಟು ತಾಳದ ಪೆಟ್ಟಿನ ಮೇಲೆ ಬೀಳದೆ ಎರಡು ಪೆಟ್ಟುಗಳ ನಡುವೆ ಬೀಳುತ್ತದೆ. ಕೇಳುತ್ತ ಸುಮ್ಮನೆ ನಿಲ್ಲುವುದು ಕಷ್ಟ. ಹೀಗೆ ಕುಣಿದ ಹೊಸ ಪೀಳಿಗೆ ಹಳೆಯ ರೆಕಾರ್ಡುಗಳನ್ನು ಹುಡುಕತೊಡಗಿತು. ಸ್ಪೆಷಲ್ಸ್ ಹಾಡಿದ ‘ಮಂಕಿ ಮ್ಯಾನ್’ ಮೂಲಕ ಅದನ್ನು ಮೊದಲು ಹಾಡಿದ್ದ ಜಮೈಕಾದ ಟೂಟ್ಸ್ ಅಂಡ್ ದಿ ಮೇಟಲ್ಸ್ ತಂಡದ ಕಡೆಗೆ, ಇಂಗ್ಲೆಂಡಿನದೇ ಆದ ಮ್ಯಾಡ್ನೆಸ್ ತಂಡದ ಹಾಡುಗಳ ಮೂಲಕ ಜಮೈಕಾದ ಗಾಯಕ ಪ್ರಿನ್ಸ್ ಬಸ್ಟರ್ ಕಡೆಗೆ ದಾರಿ ತೆರೆಯಿತು. ಸ್ಪೆಷಲ್ಸ್‌ನ ಜೆರ್ರಿ ಡ್ಯಾಮರ್ಸ್ ಕಟ್ಟಿದ ಟು ಟೋನ್ ರೆಕಾರ್ಡ್ ಸಂಸ್ಥೆ 1981ರಲ್ಲಿ ರಿಕೋ ಅವರದೇ ಆಲ್ಬಮ್ ಹೊರತಂದಿತು.

ಅದೇ ವರ್ಷ ಕಾವೆಂಟ್ರಿಯಲ್ಲಿ ಏಷ್ಯಾ ಮೂಲದ ವಿದ್ಯಾರ್ಥಿಯೊಬ್ಬನನ್ನು ಜನಾಂಗ ದ್ವೇಷಿಗಳು ಕೊಂದಾಗ, ಕಪ್ಪು-ಬಿಳಿ ಹುಡುಗರು ಸೇರಿದ್ದ ಸ್ಪೆಷಲ್ಸ್ ತಂಡ ತನ್ನ ಊರಿನಲ್ಲಿಯೇ ಸೌಹಾರ್ದದ ಸಂಗೀತ ಕಛೇರಿ ನಡೆಸಿತು. ಬ್ರಿಟನ್ನಿನಲ್ಲಿ ಬಾಳು ಕಟ್ಟಿಕೊಂಡ ಕನ್ನಡಿಗರಾದ ನಾವು ಅದನ್ನು ಮರೆಯಬಾರದು.

ರಾಜ್ಯೋತ್ಸವ ಬರುತ್ತಿದೆ. ನಮ್ಮ ಮಕ್ಕಳು ಗಿಟಾರ್, ಡ್ರಮ್ಸ್ ಜೊತೆಗೆ ಶರೀಫರ ತತ್ವಪದಗಳನ್ನು ಹಾಡಲು ಸಿದ್ಧರಾಗುತ್ತಿದ್ದಾರೆ. ಮಡಿವಂತಿಕೆ ಬೇಡ, ಹಾಡಲಿ. ಆದರೆ ತಬಲಾ, ಹಾರ್ಮೋನಿಯಂ ನುಡಿಸಿ ನಮ್ಮ ಕನ್ನಡ ಸಂಘದ ಮೊದಲ ಕಾರ್ಯಕ್ರಮಗಳನ್ನು ನಡೆಸಿಕೊಟ್ಟ ಹಿರಿಯರು ಈಗ ಸಭಿಕರ ಸಾಲಿನಲ್ಲಿ ಕುಳಿತಿರುತ್ತಾರೆ. ಅವರನ್ನು ತಾಲೀಮಿಗೇ ಕರೆಯೋಣ, ವೇದಿಕೆಯ ಮೇಲೂ ಕೂರಿಸೋಣ. ನುಡಿಸಲು ಒಪ್ಪುವ ಹಿರಿಯರ ಹೆಸರುಗಳನ್ನು ಮನೆಯವರು ಅಕ್ಟೋಬರ್ ಮೊದಲ ವಾರದೊಳಗೆ ಕಾರ್ಯದರ್ಶಿಗಳಿಗೆ ತಿಳಿಸಬೇಕು.